ತಂಡ ಯಾರದು?

‘ನಮ್ಮ’ ಎಂಬ ಎರಡಕ್ಷರದ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ನಮ್ಮ ಊರು, ನಮ್ಮ ಹೊಳೆ, ನಮ್ಮ ಮೇಷ್ಟರು, ನಮ್ಮ ತಂಡ. ಷಷ್ಠೀ ವಿಭಕ್ತಿಯನ್ನು ಪಾಠಮಾಡುವಾಗ ನಾನು ಪ್ರತಿವರ್ಷವೂ ಒಂದು ಮಾತನ್ನು ಒತ್ತಿ ಹೇಳುವುದುಂಟು: ಷಷ್ಠಿ ಕಾರಕವಲ್ಲ, ಅದು ಸಂಬಂಧವನ್ನು ತಿಳಿಸುತ್ತದೆ, ಒಡೆತನವನ್ನೇ ತಿಳಿಸಬೇಕೆಂಬ ನಿಯಮವಿಲ್ಲ. ‘ರಾಮನ ಮನೆ’ ಎಂದರೆ ರಾಮನು ಕೊಂಡ ಮನೆಯೋ ಬಾಡಿಗೆಗೆ ಹಿಡಿದ ಮನೆಯೋ, ಅದನ್ನು ಪ್ರತ್ಯಯ ಹೇಳಲಾರದು. ಈ ಹಳೆಯ ಪಾಠಕ್ಕೆ ಇಷ್ಟು ಕಟುವಾದ ಉದಾಹರಣೆಯೊಂದು ದೊರೆತೀತೆಂದು ನಾನು ಎಣಿಸಿರಲಿಲ್ಲ. ಅದು ದೊರೆತದ್ದು 2024ರ ಏಪ್ರಿಲ್ ತಿಂಗಳಲ್ಲಿ, ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ನನ್ನ ದೊಡ್ಡಪ್ಪನ ಮಗ ಅಣ್ಣನ ಮನೆಯಿಂದ.

ಹಾಕಿ ಎಂದೊಡನೆ ನಮ್ಮ ವಾಚಕರ ಕಣ್ಣಮುಂದೆ ಕೊಡಗಿನ ಮೈದಾನ ಬಂದು ನಿಲ್ಲುವುದು ಸಹಜ. ನಾನು ಹೇಳಹೊರಟಿರುವುದು ಆ ಹಾಕಿಯಲ್ಲ. ಮಂಜುಗಡ್ಡೆಯ ನೆಲದ ಮೇಲೆ, ಉಕ್ಕಿನ ಅಲಗು ಜೋಡಿಸಿದ ಪಾದರಕ್ಷೆಯನ್ನು ತೊಟ್ಟು, ಚೆಂಡಿಗೆ ಬದಲಾಗಿ ಕರಿಯ ರಬ್ಬರಿನ ಬಿಲ್ಲೆಯೊಂದನ್ನು ಅಟ್ಟಿಸಿಕೊಂಡು ಹೋಗುವ ಆಟವಿದು, ಕೆನಡಾದವರಿಗೆ ಪ್ರಾಣ. ಇಂಥ ಆಟ ಮರುಭೂಮಿಯ ನಡುವಣ ಫೀನಿಕ್ಸ್ ನಗರಕ್ಕೆ ಬಂದದ್ದು 1996ರಲ್ಲಿ. ಅಲ್ಲಿಯೇ ಹುಟ್ಟಿ ಬೆಳೆದದ್ದಲ್ಲ. ಕೆನಡಾದ ವಿನಿಪೆಗ್ ಎಂಬ ಊರಿನಿಂದ ಬೇರುಸಹಿತ ಕಿತ್ತು ತಂದದ್ದು. ವಿನಿಪೆಗ್ಗಿನ ಕ್ರೀಡಾಂಗಣ 1955ರಷ್ಟು ಹಳೆಯದು. ಆಟಗಾರರಿಗೆ ಸಂಬಳ ಕೊಡಬೇಕಾದದ್ದು ಅಮೆರಿಕದ ಡಾಲರಿನಲ್ಲಿ, ಟಿಕೆಟ್ಟಿನಿಂದ ಬರುತ್ತಿದ್ದುದು ಕೆನಡಾದ ದುರ್ಬಲ ಡಾಲರು. ತಂಡವನ್ನು ಉಳಿಸಿಕೊಳ್ಳಲು ಊರವರು 1995ರಲ್ಲಿ ಬೀದಿಗಿಳಿದು ಚಂದಾ ಎತ್ತಿದರು. ಮಕ್ಕಳು ಹುಂಡಿ ಒಡೆದು ಚಿಲ್ಲರೆಯನ್ನು ತಂದು ಸುರಿದರು. ತಂಡ ಇನ್ನೊಂದು ವರ್ಷವಿದ್ದು ಹೊರಟುಹೋಯಿತು. ಫೀನಿಕ್ಸಿನವರ ಹಬ್ಬ ವಿನಿಪೆಗ್ಗಿನವರ ಸೂತಕದಿಂದ ಆರಂಭವಾಯಿತೆಂಬುದನ್ನು ಮರೆಯದೆ ಮುಂದಿನದನ್ನು ಓದಬೇಕು.

ಹೊಸ ಊರಿನಲ್ಲಿ ತಂಡಕ್ಕೆ ‘ಕಯೋಟೀಸ್’ ಎಂದು ಹೆಸರಾಯಿತು. ಕಯೋಟಿ ಆ ಸೀಮೆಯ ಬೆಂಗಾಡಿನಲ್ಲಿ ಅಲೆಯುವ, ತೋಳಕ್ಕೆ ದಾಯಾದಿಯಾದ ಪ್ರಾಣಿ. ತಂಡಕ್ಕೂ ಅಲೆಯುವುದೇ ಹಣೆಬರಹವಾಯಿತು. ಮೊದಲು ನೆಲಸಿದ ಕ್ರೀಡಾಂಗಣವನ್ನು ಬಾಸ್ಕೆಟ್‌ಬಾಲಿಗೆಂದು ಕಟ್ಟಿದ್ದರು. ಹಾಕಿಯ ಅಂಗಳ ಅದಕ್ಕಿಂತ ಬಹಳ ಉದ್ದ. ಹೇಗೋ ತೂರಿಸಿ ಹಿಡಿಸಿದ್ದರಿಂದ ಮೇಲಿನ ಸಾಲುಗಳ ಎಷ್ಟೋ ಆಸನಗಳಿಂದ ಒಂದು ಕಡೆಯ ಗೋಲು ಕಾಣುತ್ತಿರಲಿಲ್ಲ. ಪೂರ್ತಿ ಹಣ ಕೊಟ್ಟವನು ಮುಕ್ಕಾಲು ಆಟವನ್ನು ನೋಡಿ, ಉಳಿದದ್ದನ್ನು ಪಕ್ಕದವರ ಕೂಗಿನಿಂದ ಊಹಿಸಬೇಕಾಗಿತ್ತು.

ಆಮೇಲೆ ಪಶ್ಚಿಮದ ಗ್ಲೆಂಡೇಲ್ ಎಂಬ ನಗರ ಮುಂದೆ ಬಂದಿತು. ಸುಮಾರು 22 ಕೋಟಿ ಡಾಲರಿನ ಕ್ರೀಡಾಂಗಣ. ಅದರ ಬಹುಪಾಲು ನಗರಸಭೆಯ ಹಣ. 2003ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಕಟ್ಟಡವೇನೋ ಚೆನ್ನಾಗಿತ್ತು. ಆದರೆ ದುಬಾರಿ ಟಿಕೆಟ್ಟನ್ನು ಕೊಳ್ಳಬಲ್ಲವರು ಹೆಚ್ಚಾಗಿದ್ದುದು ಪೂರ್ವದ ಸ್ಕಾಟ್ಸ್‌ಡೇಲ್ ಕಡೆಗೆ; ಕೆಲಸದ ದಿನದ ಸಂಜೆ ಕಾರುಗಳ ಸಾಲಿನಲ್ಲಿ ನಿಂತು ನಗರವನ್ನು ದಾಟಿ ಬರುವ ಭಕ್ತಿ ಎಷ್ಟು ಜನಕ್ಕಿದ್ದೀತು? 2009ರಲ್ಲಿ ಮಾಲೀಕರು ದಿವಾಳಿ ಅರ್ಜಿ ಹಾಕಿದರು. ಕೆನಡಾದ ಶ್ರೀಮಂತರೊಬ್ಬರು ತಂಡವನ್ನು ಕೊಂಡು ಹ್ಯಾಮಿಲ್ಟನ್ನಿಗೆ ಸಾಗಿಸಲು ಮುಂದಾದಾಗ ನ್ಯಾಯಾಲಯ ಒಪ್ಪಲಿಲ್ಲ. ಕೊನೆಗೆ ಲೀಗೇ ಅದನ್ನು ಕೊಂಡು ನಡೆಸಿತು. ನಷ್ಟ ತುಂಬಿದ್ದು ಮಾತ್ರ ಗ್ಲೆಂಡೇಲಿನ ನಗರಸಭೆ, ವರ್ಷಕ್ಕೆ ಎರಡೂವರೆ ಕೋಟಿ ಡಾಲರಿನಂತೆ ಎರಡು ವರ್ಷ. 2013ರಲ್ಲಿ ಹೊಸ ಮಾಲೀಕರು ಬಂದಾಗ ಕ್ರೀಡಾಂಗಣವನ್ನು ನೋಡಿಕೊಳ್ಳುವುದಕ್ಕೆಂದು ಅವರಿಗೆ ವರ್ಷಕ್ಕೆ ಒಂದೂವರೆ ಕೋಟಿ ಡಾಲರಿನಂತೆ 15 ವರ್ಷಗಳ ಕರಾರಾಯಿತು. ಸಾಲ ಮಾಡಿ ಛತ್ರ ಕಟ್ಟಿಸಿ, ಅದರಲ್ಲಿ ಮದುವೆ ಮಾಡಿರೆಂದು ಬೀಗರಿಗೆ ಕೈಯಿಂದ ದಕ್ಷಿಣೆ ಕೊಟ್ಟಂತೆ! ಎರಡೇ ವರ್ಷಗಳಲ್ಲಿ ನಗರಸಭೆಗೆ ಬುದ್ಧಿ ಬಂದಿತೆನ್ನಬೇಕು, ಅಥವಾ ಹಣ ಮುಗಿಯಿತೆನ್ನಬೇಕು. 2015ರ ಜೂನಿನಲ್ಲಿ ಕರಾರನ್ನು ಮುರಿಯಿತು. ಮುಂದೆ ಸಣ್ಣ ಸಣ್ಣ ಒಪ್ಪಂದಗಳು, ದೊಡ್ಡ ದೊಡ್ಡ ಮನಸ್ತಾಪಗಳು. 2021ರ ಡಿಸೆಂಬರಿನಲ್ಲಿ ಬಾಕಿ ಕಟ್ಟದಿದ್ದರೆ ಬಾಗಿಲಿಗೆ ಬೀಗ ಬೀಳುವುದೆಂಬ ಎಚ್ಚರಿಕೆಯೂ ಬಂದಿತು. ಅದು ಕಣ್ತಪ್ಪಿನಿಂದಾದದ್ದೆಂದು ಹೇಳಿ ತಂಡದವರು ಹಣ ಕಟ್ಟಿದರು. ಆದರೆ ಮರುವರ್ಷ ಆ ಮನೆಯೂ ಹೋಯಿತು.

ಮೂರನೆಯ ಮನೆ ಟೆಂಪಿ ನಗರದ ವಿಶ್ವವಿದ್ಯಾನಿಲಯದ್ದು, ವಿದ್ಯಾರ್ಥಿಗಳ ಆಟಕ್ಕೆಂದು ಕಟ್ಟಿದ ಮಲೆಟ್ ಅರೀನಾ. ಲೀಗಿನ ಇತರ ತಂಡಗಳು ಹದಿನೇಳು ಹದಿನೆಂಟು ಸಾವಿರ ಜನರ ಮುಂದೆ ಆಡುತ್ತಿದ್ದರೆ ಇಲ್ಲಿ ಹಿಡಿಸುತ್ತಿದ್ದುದು ಐದು ಸಾವಿರ. ಸ್ವಂತ ಮನೆ ಏಳುವ ತನಕ ಹೀಗೇ ಕಾಲ ಕಳೆಯುವುದೆಂದು ತಂಡದ ಲೆಕ್ಕಾಚಾರ. ನನ್ನ ಅಣ್ಣ ಓದಲೆಂದು ಹೋಗಿ ನೆಲೆನಿಂತು ಆ ದೇಶದ ಪ್ರಜೆಯಾದದ್ದು ಇದೇ ಟೆಂಪಿಯಲ್ಲಿ. ಅವನ ಮಗ ಹುಟ್ಟಿದ್ದೂ ಅಲ್ಲಿಯೇ. ತಂಡ ಆ ಸೀಮೆಗೆ ಬಂದ ಎರಡು ವರ್ಷಕ್ಕೆ ಹುಟ್ಟಿದ ಈ ಹುಡುಗ ಆರನೆಯ ವಯಸ್ಸಿಗೆ ಮಂಜುಗಡ್ಡೆಯ ಮೇಲೆ ನಿಂತ. ನಮ್ಮೂರಿಗೆ ಬಂದಾಗ, ಬೇಸಗೆಯ ಸೆಕೆಯಲ್ಲಿಯೂ, ಕಯೋಟೀಸಿನ ದಪ್ಪ ಅಂಗಿಯನ್ನೇ ತೊಟ್ಟು ತಿರುಗುತ್ತಿದ್ದ.

ಟೆಂಪಿಯಲ್ಲಿ ಊರಿನ ಕಸ ಸುರಿದು ಕೆಟ್ಟಿದ್ದ 46 ಎಕರೆ ನೆಲವಿತ್ತು. ಅದನ್ನು ಶುಚಿಮಾಡಿ ಅಲ್ಲಿ ಕ್ರೀಡಾಂಗಣ, ಅಂಗಡಿಸಾಲು, ವಸತಿ ಎಲ್ಲವನ್ನೂ ಕಟ್ಟುವುದು ತಂಡದವರ ಯೋಜನೆ. ಒಟ್ಟು 210 ಕೋಟಿ ಡಾಲರಿನ ಅಂದಾಜು. ಹಣ ನಮ್ಮದೆಂದು ಅವರು ಹೇಳಿದರು. ತೆರಿಗೆಯ ರಿಯಾಯಿತಿ ಊರಿನದೆಂದು ವಿರೋಧಿಗಳು ಹೇಳಿದರು. ಎರಡೂ ನಿಜ. 2023ರ ಮೇ 16ರಂದು ಅದು ಜನಮತಕ್ಕೆ ಬಂದಿತು. ಮತಪತ್ರಗಳು ಅಂಚೆಯಲ್ಲಿ ಮನೆಗೇ ಬಂದಿದ್ದವು. ಅಣ್ಣನ ಮನೆಯ ಊಟದ ಮೇಜಿನ ಮೇಲೆ ಅವು ಹಲವು ದಿನ ಹಾಗೆಯೇ ಬಿದ್ದಿದ್ದುವಂತೆ.

“ನೋಡಪ್ಪಾ, ಗ್ಲೆಂಡೇಲಿನವರು ಕೈ ಸುಟ್ಟುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇವೆ. ನಮ್ಮ ಕೈಯನ್ನೂ ಒಲೆಗೆ ಇಡಬೇಕೆ?” ಎಂದು ಅಣ್ಣ ದೂರವಾಣಿಯಲ್ಲಿ ಕೇಳಿದ. ಮಗನ ವಾದವೇ ಬೇರೆ. ಆಸ್ಟನ್ ಮ್ಯಾಥ್ಯೂಸ್ ಎಂಬ ಆಟಗಾರ ಬೆಳೆದದ್ದು ಸ್ಕಾಟ್ಸ್‌ಡೇಲಿನಲ್ಲಿ. ಎಳೆಯನಾಗಿದ್ದಾಗ ಕಯೋಟೀಸಿನ ಆಟವನ್ನು ನೋಡಿ ನೋಡಿ ಆ ಹುಚ್ಚು ಹಿಡಿಸಿಕೊಂಡವನು. 2016ರಲ್ಲಿ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಎಲ್ಲರಿಗಿಂತ ಮೊದಲು ಟೊರಾಂಟೋ ಆರಿಸಿದ್ದು ಅವನನ್ನು. “ತಂಡ ಇಲ್ಲದಿದ್ದರೆ ಮರಳಿನಲ್ಲಿ ಅಂಥವನು ಹೇಗೆ ಹುಟ್ಟುತ್ತಿದ್ದ, ಚಿಕ್ಕಪ್ಪ? ಇದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ?” ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಬೇಡವೆಂದ, ಮಗ ಬೇಕೆಂದ. ಒಂದು ಮನೆಯ ಎರಡು ಮತಗಳು ಒಂದನ್ನೊಂದು ಅಳಿಸಿದವು. ಅತ್ತಿಗೆಯ ಮತ ಯಾವ ಕಡೆಗೆ ಬಿದ್ದಿತೆಂಬುದನ್ನು ಅವರು ಇಂದಿಗೂ ಬಾಯಿಬಿಟ್ಟಿಲ್ಲ. ಊರು ಬೇಡವೆಂದಿತು.

2024ರ ಏಪ್ರಿಲ್ 17ರಂದು ಕಯೋಟೀಸ್ ಕೊನೆಯ ಆಟವಾಡಿ ಎಡ್ಮಂಟನ್ ತಂಡವನ್ನು 5-2ರಿಂದ ಸೋಲಿಸಿತು. ಮರುದಿನವೇ ಲೀಗಿನ ಒಪ್ಪಿಗೆ ದೊರೆತು ಆಟಗಾರರೆಲ್ಲರೂ ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದ ಪಾಲಾದರು. ಬೆಲೆ 120 ಕೋಟಿ ಡಾಲರು. 28 ವರ್ಷ ಮನೆಯಿಲ್ಲದೆ, ಬಹುಕಾಲ ನಷ್ಟದಲ್ಲಿ ಅಲೆದ ತಂಡಕ್ಕೆ ಅಷ್ಟು ಬೆಲೆ! ಇದರಲ್ಲಿ ನೂರು ಕೋಟಿ ಮಾಲೀಕನಿಗೆ, ಉಳಿದದ್ದು ಲೀಗಿಗೆ. ನಷ್ಟ ತುಂಬಿದ ಗ್ಲೆಂಡೇಲಿಗೆ ಅದರಲ್ಲಿ ಪಾಲಿಲ್ಲ.

ಟೆಂಪಿಯ ಮತದಾರರು ತಂಡವನ್ನು ಓಡಿಸಿದರೆಂದು ಅಲ್ಲಿ ಹಲವರು ಆಡಿದ್ದುಂಟು. ಆ ಮಾತನ್ನು ನಾನು ಒಪ್ಪಲಾರೆ. ಲಾಭ ಬಂದಾಗ ತಂಡ ಮಾಲೀಕನದು, ನಷ್ಟ ಬಂದಾಗ ಮಾತ್ರ ಊರಿನದು ಎಂಬ ವ್ಯವಹಾರಕ್ಕೆ ಒಂದು ಊರು ಬೇಡವೆಂದರೆ ಅದು ಜಿಪುಣತನವಲ್ಲ. ಷಷ್ಠಿಯ ಅರ್ಥವನ್ನು ಸರಿಯಾಗಿ ಬಲ್ಲವರ ನಡೆ. ಆದರೆ ಕಸದ ಗುಂಡಿಯನ್ನು ಉಳಿಸಿಕೊಂಡವರೆಂದು ಅವರನ್ನು ಹಳಿಯುವ ಎಳೆಯರ ಸಂಕಟವೂ ಸುಳ್ಳಲ್ಲ. ಇದು ಬರಿಯ ವ್ಯಾಪಾರ, ಕಣ್ಣೀರೇಕೆ ಎನ್ನುವ ಜಾಣರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು. ಅದು ಬರಿಯ ವ್ಯಾಪಾರವಾದರೆ ಅಂಗಿಯ ಮೇಲೆ ಊರಿನ ಹೆಸರನ್ನೇಕೆ ಬರೆಸಬೇಕು? ಮಾಲೀಕನ ಹೆಸರನ್ನೇ ಬರೆಸಬಹುದಾಗಿತ್ತಲ್ಲ!

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಹಾಕಿ ತಂಡವನ್ನು ಕಳೆದುಕೊಂಡ ಅದೇ ವಿನಿಪೆಗ್ಗಿನಲ್ಲಿ ‘ಬ್ಲೂ ಬಾಂಬರ್ಸ್’ ಎಂಬ ಫುಟ್‌ಬಾಲ್ ತಂಡವುಂಟು. ಅದಕ್ಕೆ ಒಬ್ಬ ಮಾಲೀಕನೆಂಬುವನಿಲ್ಲ, ಅದು ಊರಿನ ಸಂಸ್ಥೆ. ಅಮೆರಿಕದ ಗ್ರೀನ್ ಬೇ ಎಂಬ ಸಣ್ಣ ಊರಿನ ತಂಡ 1923ರಿಂದ ಜನರ ಷೇರುಗಳ ಮೇಲೆ ನಿಂತಿದೆ. ಕೊಡಗಿನಲ್ಲಿ 1997ರಿಂದ ನಡೆದುಬಂದಿರುವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮನೆತನಕ್ಕೊಂದು ತಂಡ. ಅದನ್ನು ಮಾರುವುದೆಂದರೆ ಮನೆತನದ ಹೆಸರನ್ನೇ ಮಾರಿದಂತೆ. ಕೋಟ್ಯಂತರ ಡಾಲರಿನ ಲೀಗಿಗೆ ಈ ಮಾದರಿ ಹಾಗೆಯೇ ಒಗ್ಗದಿರಬಹುದು. ಆದರೂ ಕ್ರೀಡಾಂಗಣಕ್ಕೆ ಹಣ ಕೊಡುವ ಊರು, ತಂಡ ಮಾರಾಟವಾದಾಗ ಆ ಬೆಲೆಯಲ್ಲಿ ತನಗೂ ಒಂದು ಪಾಲಿರಲೆಂದು ಬರಹದಲ್ಲಿ ಕೇಳಿ ಪಡೆಯುವುದಕ್ಕೆ ಏನು ಅಡ್ಡಿ? ಗ್ಲೆಂಡೇಲ್ ಅದನ್ನು ಪಡೆದಿದ್ದರೆ ಕಥೆ ಬೇರೆಯಾಗುತ್ತಿತ್ತು.

ವಿನಿಪೆಗ್ಗಿಗೆ 2011ರಲ್ಲಿ ಮತ್ತೆ ಹಾಕಿ ತಂಡ ದೊರೆಯಿತು, ಈ ಬಾರಿ ಅಟ್ಲಾಂಟಾದಿಂದ ಕಿತ್ತು ತಂದದ್ದು. 1996ರಲ್ಲಿ ಅತ್ತವರು ಅಂದು ಬೀದಿಯಲ್ಲಿ ಕುಣಿದರು; ಅಟ್ಲಾಂಟಾದ ಮಕ್ಕಳ ನೆನಪು ಎಷ್ಟು ಜನಕ್ಕೆ ಬಂದೀತು? ಸಾಲ್ಟ್ ಲೇಕಿನಲ್ಲಿ ತಂಡಕ್ಕೆ ಸಿಕ್ಕಿರುವ ಮನೆ ಮತ್ತೆ ಬಾಸ್ಕೆಟ್‌ಬಾಲಿಗೆಂದು ಕಟ್ಟಿದ್ದೇ; ಅಲ್ಲಿಯೂ ಕೆಲವು ಆಸನಗಳಿಂದ ಗೋಲು ಕಾಣದೆಂಬ ದೂರು ಬಂದು ಅದನ್ನು ತಿದ್ದುವ ಕೆಲಸ ಹಿಡಿಯಬೇಕಾಯಿತು. ಅದರ ಖರ್ಚಿಗೆಂದು ಅಲ್ಲಿಯ ನಗರಸಭೆ 2024ರಲ್ಲಿ ಮಾರಾಟ ತೆರಿಗೆಯನ್ನು ಶೇಕಡ ಅರ್ಧದಷ್ಟು ಏರಿಸಿತು, ಜನಮತವನ್ನು ಕೇಳಲಿಲ್ಲ. ತಂಡಕ್ಕೆ ಈಗ ‘ಮ್ಯಾಮತ್’ ಎಂಬ ಹೆಸರು.

ಮೊನ್ನೆ ಅಣ್ಣನ ಮಗ ಮಾತಿಗೆ ಸಿಕ್ಕಿದ್ದ. ಈಗ ಯಾವ ತಂಡದ ಕಡೆಯಪ್ಪಾ ಎಂದು ಕೇಳಿದೆ. ಆಟಗಾರರು ಅವರೇ, ಯೂಟಾ ಪಕ್ಕದ ರಾಜ್ಯವೇ. ಆದರೂ ಪಂದ್ಯ ನೋಡಲು ಕುಳಿತರೆ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಾನಂತೆ. ಹಳೆಯ ಅಂಗಿ ಏನಾಯಿತೆಂದೆ. ಅಪ್ಪ ಅದನ್ನು ತೊಳೆಸಿ ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ, ಕೇಳಿದರೂ ಕೊಡುತ್ತಿಲ್ಲ ಎಂದು ನಕ್ಕ.