ಪಕ್ಕದ ಬಾಗಿಲಿಗೂ ಅದೇ ಬೀಗ

ರೋಗಿಗೆ ಪಥ್ಯ ಹೇಳುವವರಿಗೆ ಪರೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅಮೆರಿಕವನ್ನು ನೋಡಿರಿ. ಅಲ್ಲಿ ಡಯಟೀಷಿಯನ್‌ಗೆ ಲೈಸೆನ್ಸು ಕೊಡುವುದು ರಾಜ್ಯಗಳು. ಅದಕ್ಕೆ ಬೇಕಾದ ನೋಂದಣಿ ಪರೀಕ್ಷೆಗೆ 2023ರ ಕೊನೆಯವರೆಗೆ ಬಿ.ಎಸ್ಸಿ. ಮಟ್ಟದ ಪದವಿ ಸಾಕಿತ್ತು. 2024ರ ಜನವರಿ 1ರಿಂದ ಸ್ನಾತಕೋತ್ತರ ಪದವಿಯೇ ಬೇಕು. ಮೇಲೆ ಕನಿಷ್ಠ 1000 ಗಂಟೆ ತರಬೇತಿ, ಬಹುಪಾಲು ಬಿಟ್ಟಿ ದುಡಿಮೆ. ಹಲವು ರಾಜ್ಯಗಳು ಒಪ್ಪುವ ಬೇರೆ ದಾರಿ ಸಿ.ಎನ್.ಎಸ್. ಅಲ್ಲಿಯೂ ಸ್ನಾತಕೋತ್ತರ ಪದವಿ, ಅಲ್ಲಿಯೂ 1000 ಗಂಟೆ! ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಪಥ್ಯದ ತಟ್ಟೆ ಹೊಂದಿಸಿದವಳ ಅನುಭವಕ್ಕೆ ಬೆಲೆಯೇನು?

ಬಂಧುಗಳೇ, ನಮ್ಮಲ್ಲಿಯೂ 2021ರ ಕೇಂದ್ರ ಕಾಯಿದೆ ಡಯಟೀಷಿಯನ್‌ರನ್ನು ರಾಜ್ಯ ಮಂಡಳಿಯ ನೋಂದಣಿಗೆ ಒಳಪಡಿಸಿದೆ. ಈಗಲೇ ಕೇಳೋಣ: ಪರೀಕ್ಷೆ ಕಠಿಣವಿರಲಿ, ತರಬೇತಿಗೆ ಕೂಲಿ ಇರಲಿ, ದುಡಿದು ಕಲಿತವರಿಗೂ ಬಾಗಿಲು ತೆರೆದಿರಲಿ.