112: ಹಳೆಯ ದಾರಿ ಮುಚ್ಚುವ ಮುನ್ನ ನಮ್ಮನ್ನು ಕೇಳಿ

ಕಮಲಾಪುರದಲ್ಲಿ ನಡೆದ ಸಂಘದ ಸಭೆಯೊಂದರಲ್ಲಿ ಉಳಿತಾಯದ ಲೆಕ್ಕವೆಲ್ಲ ಮುಗಿದ ಮೇಲೆ ಒಬ್ಬ ತಂಗಿ ಸೆರಗಿನ ಗಂಟಿನಿಂದ ತನ್ನ ಬಟನ್ ಫೋನ್ ತೆಗೆದು ಚಾಪೆಯ ಮೇಲಿಟ್ಟಳು. "ಅಕ್ಕಾ, ಈಗ ಎಲ್ಲಾ ಇಂಟರ್‌ನೆಟ್ ಮ್ಯಾಲೇ ನಡಿತದ ಅಂತಾರ. ರಾತ್ರಿ ಮನ್ಯಾಗ ಹೊಡ್ದಾಟ ಆದ್ರ ಈ ಫೋನಿನಿಂದ ಪೊಲೀಸರಿಗೆ ಹತ್ತತದೇನ್ರಿ?" ಎಂದು ಕೇಳಿದಳು. ಅವಳ ಗಂಡನ ಕೈಯಲ್ಲಿ ದೊಡ್ಡ ಫೋನ್ ಇದೆ. ಅವಳಿಗೆ ಉಳಿದಿರುವುದು ಇದೊಂದೇ. ಹತ್ತುತ್ತದೆ ಎಂದು ಹೇಳಿದೆ. ಆದರೆ ಐದು ವರ್ಷದ ಮೇಲೂ ಹತ್ತುತ್ತದೆಯೇ, ಹತ್ತಿದರೂ ಗಾಡಿ ಅವಳ ಬಾಗಿಲಿಗೇ ಬರುತ್ತದೆಯೇ ಎಂಬ ಪ್ರಶ್ನೆ ಕಲಬುರಗಿಗೆ ವಾಪಸು ಬರುವ ಬಸ್ಸಿನ ತುಂಬ ನನ್ನನ್ನು ಕಾಡಿತು.

ಇದು ತಂತ್ರಜ್ಞರಿಗೆ ಬಿಟ್ಟುಬಿಡುವ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಇಡೀ ದೇಶದಲ್ಲಿ ಹಿಂಸೆಗೊಳಗಾದ ಹೆಣ್ಣುಮಕ್ಕಳ ಪೈಕಿ ಯಾರನ್ನಾದರೂ ನೆರವು ಕೇಳಿದವರು ನೂರಕ್ಕೆ 14 ಮಾತ್ರ ಎಂದೂ ಅದೇ ಸಮೀಕ್ಷೆ ಹೇಳುತ್ತದೆ. ಕೇಳಿದವರೂ ಮೊದಲು ಹೋಗುವುದು ತವರಿಗೆ, ಅಕ್ಕಪಕ್ಕದವರಲ್ಲಿಗೆ. ಪೊಲೀಸರಿಗೆ ಫೋನ್ ಹಚ್ಚುವುದು ಬೇರೆಲ್ಲ ದಾರಿ ಮುಚ್ಚಿದ ಮೇಲೆ. ವರ್ಷಗಟ್ಟಲೆ ಹಲ್ಲುಕಚ್ಚಿ ಸಹಿಸಿದ ಹೆಣ್ಣು ಒಂದು ರಾತ್ರಿ ಆ ಗುಂಡಿ ಒತ್ತಿದಾಗ ಅತ್ತ ಕಡೆ ಯಾರೂ ಎತ್ತದೆ ಹೋದರೆ ಅವಳು ಮತ್ತೆ ಒತ್ತುವುದಿಲ್ಲ.

ಈ 112 ನಮಗೆ ಯಾರೋ ದಯಪಾಲಿಸಿದ್ದಲ್ಲ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ವಿರುದ್ಧ ಹೆಣ್ಣುಮಕ್ಕಳು ಬೀದಿಗಿಳಿದರು. 2013ರ ಕೇಂದ್ರ ಬಜೆಟ್ಟಿನಲ್ಲಿ ನಿರ್ಭಯಾ ನಿಧಿ ಹುಟ್ಟಿತು. ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108 ಎಂದು ಹರಿದುಹೋಗಿದ್ದ ಸಂಖ್ಯೆಗಳ ಬದಲು ಒಂದೇ ಸಂಖ್ಯೆ ಇರಲಿ, ಹಳೆಯ ಸಂಖ್ಯೆಗೆ ಮಾಡಿದ ಕರೆಯೂ ಅಲ್ಲಿಗೇ ತಿರುಗಲಿ ಎಂದು 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿತು. ನಿರ್ಭಯಾ ನಿಧಿಯ ಹಣದಿಂದಲೇ ಈ ವ್ಯವಸ್ಥೆ ಕಟ್ಟಲಾಯಿತು. 2018ರ ಕೊನೆಯಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲು ಆರಂಭವಾಗಿ ಆಮೇಲೆ ಎಲ್ಲ ಕಡೆ ಹರಡಿತು. ಒಬ್ಬ ಹುಡುಗಿಯ ಸಾವಿನಿಂದ ಹುಟ್ಟಿದ ಸಂಖ್ಯೆ ಇದು. ಇದರ ಮುಂದಿನ ಹೆಜ್ಜೆ ಹೇಗಿರಬೇಕೆಂದು ಹೇಳುವ ಹಕ್ಕು ನಮಗಿದೆ.

ಏನು ಬದಲಾಗುತ್ತಿದೆ? ಹಿಂದೆ ಗೌಡರ ಮನೆಯಲ್ಲೋ ಎಸ್.ಟಿ.ಡಿ. ಬೂತಿನಲ್ಲೋ ಇದ್ದ ಫೋನಿಗೆ ತಾಮ್ರದ ತಂತಿ ಇತ್ತು. ಆ ತಂತಿಗೆ ಬೇಕಾದ ವಿದ್ಯುತ್ತು ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಊರಿನ ಕರೆಂಟು ಹೋದರೂ ಫೋನ್ ಸಾಯುತ್ತಿರಲಿಲ್ಲ. ತಂತಿ ಯಾವ ಮನೆಗೆ ಹೋಗಿದೆ ಎಂಬುದು ಇಲಾಖೆಯ ಪುಸ್ತಕದಲ್ಲಿತ್ತು. ಈಗ ಮಾತನ್ನು ಸಣ್ಣ ಸಣ್ಣ ತುಣುಕು ಮಾಡಿ, ಸಿನಿಮಾ, ವಾಟ್ಸಾಪ್ ಎಲ್ಲ ಓಡಾಡುವ ಅದೇ ಹೆದ್ದಾರಿಯಲ್ಲಿ ಕಳಿಸುತ್ತಾರೆ. 4ಜಿ ಫೋನಿನ ಮಾಮೂಲಿ ಕರೆಯೂ ಹಾಗೆಯೇ ಹೋಗುತ್ತದೆ. 112ರ ಕೇಂದ್ರದೊಳಗಿನ ಕೆಲಸ ಕಂಪ್ಯೂಟರ್ ಜಾಲದ ಮೇಲೆ ನಡೆಯುತ್ತದೆ. ಅಲ್ಲಿಗೆ ಕರೆ ತರುವ ದಾರಿಗಳೂ ಒಂದೊಂದಾಗಿ ಇಂಟರ್‌ನೆಟ್ ಮಾದರಿಗೆ ಹೊರಳುತ್ತಿವೆ.

ಇದರಿಂದ ನಮಗೆ ಲಾಭವಿಲ್ಲವೆಂದು ನಾನು ಹೇಳುವುದಿಲ್ಲ. ಅತ್ತೆ, ಮೈದುನ ಎದುರಿಗೇ ಕೂತಿರುವಾಗ ಬಾಯಿಬಿಟ್ಟು ಮಾತಾಡಲಾಗದ ಹೆಣ್ಣು ಮೆಸೇಜು ಕಳಿಸಬಹುದು. ಕಿವಿ ಕೇಳದ, ಮಾತು ಬಾರದ ಅಕ್ಕತಂಗಿಯರಿಗೆ ಹಳೆಯ 100 ಇದ್ದೂ ಇಲ್ಲದಂತಿತ್ತು. ಅವರಿಗೆ ಇದೊಂದು ಬಾಗಿಲು. ಕರೆಯ ಜೊತೆಗೇ ಸ್ಥಳವೂ ಹೋದರೆ ವಿಳಾಸ ಹೇಳಲಾಗದವಳನ್ನೂ ಹುಡುಕಬಹುದು. ಆಂಡ್ರಾಯ್ಡ್ ಫೋನಿನಿಂದ ತುರ್ತು ಕರೆ ಹೋದಾಗ ಸ್ಥಳ ತಾನಾಗಿ ಹೋಗುವ ಸೇವೆ ಭಾರತದಲ್ಲಿ ಮೊದಲು 2025ರಲ್ಲಿ ಉತ್ತರ ಪ್ರದೇಶದಲ್ಲಿ ಆರಂಭವಾಯಿತು. ಅದು ನಮ್ಮ ಜಿಲ್ಲೆಯ ಹೆಣ್ಣಿಗೂ ಸಿಗಬೇಕು.

ಹೊಸದು ಬರಲಿ. ಆದರೆ ಅದನ್ನು ಅತಿ ದುಬಾರಿ ಫೋನ್ ಇರುವವರ ಕಡೆಯಿಂದ ಯೋಜಿಸಬಾರದು. ಮನೆಯಲ್ಲಿ ಅತಿ ಕೆಟ್ಟ ಫೋನ್ ಯಾರ ಪಾಲಿಗೆ ಬಂದಿದೆಯೋ ಅವಳ ಕಡೆಯಿಂದ ಯೋಜಿಸಬೇಕು. ಅವಳ ಕೈಯಿಂದ ಹೊಸ ದಾರಿ ಸಾಗಿ ತೋರಿಸಿದ ಮೇಲೆಯೇ ಹಳೆಯ ದಾರಿ ಮುಚ್ಚಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ ತಾಮ್ರದ ತಂತಿಯ ಫೋನನ್ನು 2025ರ ಕೊನೆಗೆ ಪೂರ್ತಿ ನಿಲ್ಲಿಸುವ ಯೋಜನೆಯಿತ್ತು. ಒಂಟಿ ಮುದುಕರು ಕೊರಳಿಗೆ ಹಾಕಿಕೊಂಡು ಆಪತ್ತಿನಲ್ಲಿ ಒತ್ತುವ ಗುಂಡಿಗಳು ಹೊಸ ಜಾಲದಲ್ಲಿ ಕೈಕೊಟ್ಟವು. ಕೊನೆಗೆ ಗಡುವನ್ನು 2027ರ ಜನವರಿಗೆ ಮುಂದೂಡಬೇಕಾಯಿತು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್‌ನಲ್ಲಿ 3ಜಿ ಮುಚ್ಚಿದಾಗ, ಮಾಮೂಲಿ ಮಾತಿಗೆ ಸರಿಯಾಗಿದ್ದರೂ ತುರ್ತು ಕರೆಗೆ 3ಜಿಯನ್ನೇ ನಂಬಿದ್ದ ಕೆಲವು ಫೋನುಗಳು ಕೆಲಸಕ್ಕೆ ಬಾರದಂತಾದವು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕಂಪನಿಯೊಂದು ತನ್ನ ಜಾಲವನ್ನು ಸುಧಾರಿಸಲು ಹೋಗಿ ಗಂಟೆಗಟ್ಟಲೆ ತುರ್ತು ಕರೆಗಳು ಸಾಗದೆ ಹೋದವು. ಅದಕ್ಕೆ ಸಂಬಂಧಿಸಿ ಸಾವುಗಳೂ ಆದವು. ಆ ಶ್ರೀಮಂತ ದೇಶಗಳಲ್ಲೇ ಹೀಗಾದರೆ, ಕರೆಂಟು ಹೋದ ಮೇಲೆ ಬ್ಯಾಟರಿಯ ಮೇಲೆ ನಿಲ್ಲುವ ನಮ್ಮ ಹಳ್ಳಿಯ ಟವರಿನ ಗತಿ ಏನು?

ನಮ್ಮ ಕಡೆಯ ತೊಡಕುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಫೋನಿನದೇ. 2019–21ರ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಣ್ಣುಮಕ್ಕಳು ನೂರಕ್ಕೆ 54, ಎಂದಾದರೂ ಇಂಟರ್‌ನೆಟ್ ಬಳಸಿದವರು ನೂರಕ್ಕೆ 33. 2016ರ ಕೇಂದ್ರದ ನಿಯಮದಂತೆ 2017ರಿಂದ ಮಾರುವ ಬಟನ್ ಫೋನಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ಇದು ಎಷ್ಟು ಜನರಿಗೆ ಗೊತ್ತು? 2ಜಿಯನ್ನು ಮುಚ್ಚಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಮುಚ್ಚುವುದಾದರೆ ಆ ತಂಗಿಯ ಫೋನನ್ನು ಬದಲಿಸಿಕೊಡುವವರು ಯಾರು? ವರದಕ್ಷಿಣೆ ಸಾಲಲಿಲ್ಲವೆಂದು ಹೊಡೆಯುವ ಗಂಡನೇ?

ಎರಡನೆಯದು ಇಂಟರ್‌ನೆಟ್ಟಿನದು. ಗಲಭೆ ಎಂದರೆ ಸರ್ಕಾರ ಮೊದಲು ನಿಲ್ಲಿಸುವುದು ಮೊಬೈಲ್ ಇಂಟರ್‌ನೆಟ್ಟನ್ನು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನ ಕಡೆ ಹಾಗೇ ಆಯಿತು. ಬೀದಿ ಕರ್ಫ್ಯೂನಲ್ಲಿದ್ದಾಗ ಮನೆಯೊಳಗಿನ ಹೊಡೆತ ನಿಲ್ಲುವುದಿಲ್ಲ. ಗಂಡಸು ಹೊರಗೆ ಹೋಗಲಾಗದೆ ಮನೆಯಲ್ಲೇ ಉಳಿದಾಗ ಹೆಚ್ಚುತ್ತದೆ. ಆ್ಯಪ್ ಒಂದನ್ನೇ ನಂಬಿಸಿದರೆ ಅಂಥ ದಿನ ಅವಳಿಗೆ ಗತಿಯಿಲ್ಲ. ಇನ್ನೊಂದು ಮಾತು ಎಲ್ಲರಿಗೂ ತಿಳಿದಿರಲಿ: ವಾಟ್ಸಾಪ್ ಕರೆಯಿಂದ 112 ಹತ್ತುವುದಿಲ್ಲ. ಫೋನಿನ ಮಾಮೂಲಿ ಡಯಲಿನಿಂದಲೇ ಮಾಡಬೇಕು.

ಮೂರನೆಯದು ಊರಿನ ಹೆಸರು. 112ರ ಕರೆಯನ್ನು ರಾಜ್ಯಮಟ್ಟದ ಕೇಂದ್ರದಲ್ಲಿ ಎತ್ತಿ, ಆಮೇಲೆ ಜಿಲ್ಲೆಗೆ ದಾಟಿಸುವುದು ಈ ವ್ಯವಸ್ಥೆಯ ಕ್ರಮ. ಹಿಂದೆ ಊರ ಠಾಣೆಯಲ್ಲಿ ಫೋನ್ ಎತ್ತಿದವನಿಗೆ ಓಣಿ ಗೊತ್ತಿರುತ್ತಿತ್ತು. ಈಗ ಎತ್ತುವವರಿಗೆ "ಕಮಲಾಪುರ" ಎಂದರೆ ಯಾವ ಕಮಲಾಪುರ? ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿಲೋಮೀಟರಿಗೆ ಸಿಗುವ, ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರವೋ, ಹಂಪಿಯ ಪಕ್ಕದ ಕಮಲಾಪುರವೋ? ನಮ್ಮದು 2018ರಲ್ಲಿ ತಾಲ್ಲೂಕಾಯಿತು. ಅದಕ್ಕೆ ಮೊದಲು ಕಲಬುರಗಿ ತಾಲ್ಲೂಕು. ಗುಲ್ಬರ್ಗಾ ಎಂಬ ಹೆಸರು ಕಲಬುರಗಿಯಾದದ್ದು 2014ರಲ್ಲಿ. ಕಂಪ್ಯೂಟರಿನ ಪಟ್ಟಿಯಲ್ಲಿ ಇವೆಲ್ಲ ಸರಿಯಾಗಿವೆಯೇ? ತಾಂಡಾಗಳ ಹೆಸರಿವೆಯೇ? ಟವರು ತೋರಿಸುವ ಸ್ಥಳ ಹಳ್ಳಿಗಳಲ್ಲಿ ಕಿಲೋಮೀಟರುಗಟ್ಟಲೆ ಹರಡಿರುತ್ತದೆ. ಮನೆ ಸಂಖ್ಯೆಯಿಲ್ಲದ ತಾಂಡಾದಲ್ಲಿ ಅದರಿಂದ ಮನೆ ಸಿಗುವುದಿಲ್ಲ. ನಮ್ಮ ಕಡೆಯ ಕನ್ನಡ, ದಖನಿ, ಲಂಬಾಣಿ ಮಾತು ಅರ್ಥವಾಗುವವರು ಅತ್ತ ಕಡೆ ಇರಬೇಕು. ಏಟು ತಿಂದು ಅಳುವವಳು ಪುಸ್ತಕದ ಭಾಷೆಯಲ್ಲಿ ಅಳುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ಕರೆ ನಡುವೆ ಕಡಿದುಹೋದರೆ ಕೇಂದ್ರದವರು ಅದೇ ಸಂಖ್ಯೆಗೆ ತಿರುಗಿ ಫೋನ್ ಹಚ್ಚಬಹುದು. ಆಗ ಫೋನ್ ಯಾರ ಕೈಯಲ್ಲಿರುತ್ತದೆ? ಕಸಿದುಕೊಂಡವನ ಕೈಯಲ್ಲಿ. "ಏನಿಲ್ರಿ ಸಾಹೇಬ್ರ, ಹುಡುಗ್ರು ಒತ್ಯಾರ" ಎಂದರೆ ಮುಗಿಯಿತೇ? ತಂತ್ರ ಎಷ್ಟೇ ಹೊಸದಾಗಲಿ, ಈ ಒಂದು ನಿಯಮ ಅದರೊಳಗೆ ಬರೆದಿರಬೇಕು: ಹೆಣ್ಣಿನ ಧ್ವನಿಯಲ್ಲಿ ಬಂದ ಕರೆಯನ್ನು ಗಂಡಸಿನ ಮಾತು ಕೇಳಿ ಮುಗಿಸಬಾರದು. ಪೊಲೀಸರು ಹೋಗಿ ಅವಳನ್ನು ಕಣ್ಣಾರೆ ಕಂಡು, ಬೇರೆಯಾಗಿ ಮಾತಾಡಿಸಿದ ಮೇಲೆಯೇ ಆ ಕರೆ ಮುಗಿಯಬೇಕು.

ಐದನೆಯದು ದಾಖಲೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟೋ ಅಸಹಜವಾಗಿಯೋ ಸತ್ತರೆ, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಿದರೆ ಅದು ವರದಕ್ಷಿಣೆ ಸಾವು. ಹಳೆಯ 304-ಬಿ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ಆದರೆ ತೋರಿಸುವವರು ಯಾರು? "ಸ್ಟೋವ್ ಸಿಡಿಯಿತು" ಎಂದು ಮನೆಯವರೆಲ್ಲ ಒಂದೇ ಮಾತಾಡುವಾಗ ತವರಿನವರ ಕೈಯಲ್ಲಿ ಕಣ್ಣೀರಿನ ಹೊರತು ಏನೂ ಇರುವುದಿಲ್ಲ. ಅವಳು ಮೊದಲ ವರ್ಷ ಒಮ್ಮೆ, ಮೂರನೆಯ ವರ್ಷ ಒಮ್ಮೆ, ಸಾಯುವ ವಾರ ಒಮ್ಮೆ 112ಕ್ಕೆ ಕರೆ ಮಾಡಿದ್ದರೆ ಆ ಧ್ವನಿ, ಆ ಹೊತ್ತು, ಆ ಸ್ಥಳ ಅವಳ ಪರವಾಗಿ ಸಾಕ್ಷಿ ಹೇಳುತ್ತವೆ. ಹಳೆಯ ಯಂತ್ರದಿಂದ ಹೊಸದಕ್ಕೆ ಹೊರಳುವಾಗ ಕಳೆದುಹೋಗುವುದು ಇಂಥ ದಾಖಲೆಗಳೇ. ಕಾನೂನು ಏಳು ವರ್ಷ ಎನ್ನುವಾಗ, ಗಂಡನ ಮನೆಯ ಹಿಂಸೆಯ ಕರೆಗಳ ದಾಖಲೆಯನ್ನು ಏಳು ವರ್ಷಕ್ಕಿಂತ ಕಡಿಮೆ ಇಟ್ಟುಕೊಳ್ಳುವುದಕ್ಕೆ ಅರ್ಥವಿಲ್ಲ.

"ಇವೆಲ್ಲ ಬೆಂಗಳೂರು, ದೆಹಲಿಯಲ್ಲಿ ತೀರ್ಮಾನವಾಗುವ ಮಾತು, ಸಂಘದ ಹೆಣ್ಣುಮಕ್ಕಳು ಏನು ಮಾಡಿಯಾರು?" ಎಂದು ಕೆಲವರು ನಗಬಹುದು. ಸಾರಾಯಿ ಅಂಗಡಿ ಮುಚ್ಚಿಸಲು ಹೊರಟಾಗಲೂ ಹೀಗೇ ನಕ್ಕಿದ್ದರು. ಹೆಣ್ಣುಮಕ್ಕಳ ಸಂಘವಿಲ್ಲದ ಹಳ್ಳಿ ಇಂದು ಅಪರೂಪ. ಯಾರ ಮನೆಯಲ್ಲಿ ಯಾವ ಫೋನಿದೆ, ಎಲ್ಲಿ ಟವರು ಸಿಗುವುದಿಲ್ಲ, ಯಾವ ಓಣಿಗೆ ಗಾಡಿ ಬರುವುದಿಲ್ಲ ಎಂಬುದು ನಮಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೂ ಗೊತ್ತಿಲ್ಲ.

ಆದ್ದರಿಂದ ಗೆಳತಿಯರೆ, ಬರುವ ತಿಂಗಳ ಸಭೆಯಲ್ಲಿ ಸಾಲದ ಕಂತಿನ ಲೆಕ್ಕದ ಜೊತೆ ಈ ಲೆಕ್ಕವನ್ನೂ ಬರೆಯೋಣ. ಪ್ರತಿ ಸದಸ್ಯೆಯ ಫೋನ್ ಬಟನ್ನಿನದೋ ದೊಡ್ಡದೋ, ಅವಳದೇ ಅಥವಾ ಗಂಡನದೋ ಎಂದು ಗುರುತಿಸೋಣ. ಬಟನ್ ಫೋನಿನಲ್ಲಿ 5, 9ರ ಗುಂಡಿ, ದೊಡ್ಡ ಫೋನಿನಲ್ಲಿ ಪಕ್ಕದ ಪವರ್ ಗುಂಡಿಯನ್ನು ಮೂರು ಸಲ, ಕೆಲವದರಲ್ಲಿ ಐದು ಸಲ ಬೇಗ ಬೇಗ ಒತ್ತುವುದನ್ನು ಎಲ್ಲರಿಗೂ ಹೇಳಿಕೊಡೋಣ. ಸುಮ್ಮನೆ ಒತ್ತಿ ನೋಡುವುದು ಬೇಡ; ಆ ಹೊತ್ತಿಗೆ ಇನ್ನೊಬ್ಬಳ ಕರೆ ಕಾಯಬೇಕಾದೀತು. ಠಾಣೆಯವರೊಂದಿಗೆ ಮಾತಾಡಿ ಒಂದು ದಿನ ಗೊತ್ತುಮಾಡಿ, ಅವರೆದುರಿಗೇ ಒಂದು ಹಳ್ಳಿಯಿಂದ, ಒಂದು ತಾಂಡಾದಿಂದ ಪರೀಕ್ಷೆ ಮಾಡಿಸೋಣ. ಕರೆ ಎಲ್ಲಿಗೆ ಹೋಯಿತು, ಸ್ಥಳ ಏನೆಂದು ಕಂಡಿತು, ಗಾಡಿ ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಡೋಣ. ಪ್ರತಿಯೊಬ್ಬಳೂ ತನ್ನ ಮನೆಯ ಗುರುತನ್ನು ಒಂದೇ ಉಸಿರಿನಲ್ಲಿ ಹೇಳಲು ಕಲಿಯಲಿ: "ಕಲಬುರಗಿ ಜಿಲ್ಲೆ, ಕಮಲಾಪುರ ತಾಲ್ಲೂಕು, ಇಂಥ ಊರು, ಇಂಥ ಗುಡಿಯ ಹಿಂದೆ." ಜಿಲ್ಲೆಯ ಹೆಸರು ಮೊದಲು.

ಆ ಲೆಕ್ಕದ ಹಾಳೆಗಳನ್ನು ಒಟ್ಟುಮಾಡಿ ಒಕ್ಕೂಟದ ಮೂಲಕ ಜಿಲ್ಲಾಧಿಕಾರಿಗಳಿಗೂ ಪೊಲೀಸ್ ಅಧಿಕಾರಿಗಳಿಗೂ ಕೊಡೋಣ. ನಮ್ಮ ಬೇಡಿಕೆ ಒಂದೇ ವಾಕ್ಯದಲ್ಲಿರಲಿ: ಬಟನ್ ಫೋನಿನ, ರೀಚಾರ್ಜ್ ಮುಗಿದ, ಮಾತಾಡಲಾಗದ ಹೆಣ್ಣಿನ ಕರೆ ಹೊಸ ದಾರಿಯಲ್ಲಿ ಮುಟ್ಟುತ್ತದೆಂದು ನಮ್ಮೆದುರು ತೋರಿಸುವವರೆಗೆ ಹಳೆಯ ದಾರಿಯನ್ನು ಮುಚ್ಚಬೇಡಿ.

ಆ ತಂಗಿ ಅಂದು ಸಭೆ ಮುಗಿದ ಮೇಲೆ ಫೋನನ್ನು ಮತ್ತೆ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಹೋಗುವಾಗ 5ರ ಗುಂಡಿ ಯಾವುದೆಂದು ನೋಡದೆಯೇ ಬೆರಳಿನಿಂದ ತಡವಿ ತೋರಿಸಿದಳು. ಕತ್ತಲಲ್ಲಿ ಬೇಕಾಗುವುದು ಅದೇ. ಅವಳು ತನ್ನ ಪಾಲಿನದನ್ನು ಕಲಿತಿದ್ದಾಳೆ. ಅತ್ತ ಕಡೆಯವರು ತಮ್ಮ ಪಾಲಿನದನ್ನು ಮಾಡುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.