ಬೇಡವೆನ್ನುವ ಹಕ್ಕು ಯಾರಿಗೆ?

ಆರಿದ್ರಾ ಮಳೆಯು ಒಂದು ಹದವಾಗಿ ಬಿದ್ದಿತೆಂದರೆ ಗದಗ-ಬೆಟಗೇರಿಯ ಕಚೇರಿಗಳ ಅಂಗಳದಲ್ಲಿಯೂ ಶಾಲೆ-ಕಾಲೇಜುಗಳ ಆವಾರದಲ್ಲಿಯೂ ಹುಲ್ಲು ಮೊಣಕಾಲೆತ್ತರ ಬೆಳೆದು ನಿಲ್ಲುತ್ತದೆ. ಆಗ ಹಳೆಯ ದಫ್ತರಗಳ ಹಿಂದೆ ಮೂಲೆಗೊತ್ತಿದ್ದ ಹುಲ್ಲು ಕತ್ತರಿಸುವ ಯಂತ್ರವು ಹೊರಗೆ ಬರುತ್ತದೆ. ಹಗ್ಗವನ್ನು ಹತ್ತು ಸಲ ಜಗ್ಗುತ್ತಾರೆ. ಯಂತ್ರವು ಹತ್ತು ಸಲ ಕೆಮ್ಮಿ ಸುಮ್ಮನಾಗುತ್ತದೆ. ಯಂತ್ರದ ಮರ್ಮವನ್ನು ಬಲ್ಲ ದಾರಿಕಾರನೊಬ್ಬನು ನಿಂತು, “ನಾ ಒಂದ್ ಸ್ವಲ್ಪ ನೋಡ್ಲೇನ್ರಿ, ಸಾಹೇಬ್ರ?” ಎಂದು ಕೇಳಿದರೆ ಬರುವ ಉತ್ತರವು ಬಹುತರವಾಗಿ ಒಂದೇ: “ಬ್ಯಾಡ ಬಿಡಪಾ, ನಮ್ಮದು ನಾವು ನೋಡ್ಕೋತೇವಿ.” ನೋಡಿಕೊಳ್ಳುವುದೆಂದರೆ ಯಂತ್ರವನ್ನು ಮತ್ತೆ ಅದೇ ಮೂಲೆಗೆ ನೂಕುವುದೆಂದು ತಿಳಿದವರು ತಿಳಿದೇ ಇದ್ದಾರೆ. ಇಂಥ ಉತ್ತರವನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ನಾವು ಕೇಳಿದ್ದೇವೆ. ಅಲ್ಲಿ ಅದು ಕಚೇರಿಯ ಅಂಗಳದಲ್ಲಿ ಮಾತ್ರವಲ್ಲ, ಹೊಲದ ಬದುವಿನ ಮೇಲೆಯೂ ಕೇಳಿಬರುತ್ತದೆ. ಬದುವಿನ ಹುಲ್ಲು ಸವರುವ ಹೆಗಲ ಯಂತ್ರವು ಈಗ ರೈತರಲ್ಲಿ ಹಲವರ ಮನೆ ಸೇರಿದೆಯಷ್ಟೆ.

ನಾಡಿನ ಮುಂದೆ ಇಷ್ಟೊಂದು ಹಿರಿಯ ಪ್ರಶ್ನೆಗಳು ಬಿದ್ದಿರುವಾಗ ಸಂಪಾದಕನಿಗೆ ಹುಲ್ಲಿನ ಯಂತ್ರವೇ ಏಕೆ ಬೇಕಾಯಿತೆಂದು ವಾಚಕರಲ್ಲಿ ಕೆಲವರು ನಗಬಹುದು, ನಗಲಿ. ನಮ್ಮ ಮಾತು ಹುಲ್ಲಿನ ವಿಷಯವಾಗಿ ಅಲ್ಲ, ಕೈಗಳ ವಿಷಯವಾಗಿ ಇದೆಯೆಂಬುದು ಕೊನೆಯ ವರೆಗೆ ಓದಿದವರಿಗೆ ತಿಳಿದುಬರುವುದು.

ಈ ಯಂತ್ರದ ಹುಟ್ಟು ನಮ್ಮ ಬೆಟಗೇರಿಯವರಿಗೆ ಅಪರಿಚಿತವೆನಿಸಲಾರದು. 1830ರಲ್ಲಿ ಇಂಗ್ಲಂಡದ ಸ್ಟ್ರೌಡ್ ಎಂಬ ಊರಿನ ಬಳಿಯಲ್ಲಿ ಎಡ್ವಿನ್ ಬಡಿಂಗ್ ಎಂಬಾತನು ಇದನ್ನು ಕಂಡುಹಿಡಿದು ಪೇಟೆಂಟು ಪಡೆದನು. ಆ ಸೀಮೆಯು ಉಣ್ಣೆಯ ಬಟ್ಟೆಯ ಗಿರಣಿಗಳ ಸೀಮೆ. ನೆಯ್ದ ಬಟ್ಟೆಯ ಮೇಲೆ ಎದ್ದು ನಿಂತ ನವಿರನ್ನು ಸಮನಾಗಿ ಸವರುವುದಕ್ಕೆ ಅಲಗುಗಳುಳ್ಳ ಉರುಳೆಯೊಂದು ಅಲ್ಲಿ ತಿರುಗುತ್ತಿದ್ದಿತು. ಅದನ್ನು ನೋಡಿ, ಬಟ್ಟೆಯ ನವಿರನ್ನು ಸವರುವುದು ನೆಲದ ಹುಲ್ಲನ್ನೇಕೆ ಸವರಬಾರದೆಂದು ಆತನು ಯೋಚಿಸಿದನು. ಹೀಗೆ ಹುಲ್ಲಿನ ಯಂತ್ರವು ನೇಯ್ಗೆಯ ಮನೆಯ ಮಗಳು. ನೆರೆಯವರು ನಕ್ಕಾರೆಂದು ಬಡಿಂಗನು ತನ್ನ ಯಂತ್ರವನ್ನು ರಾತ್ರಿಯ ಹೊತ್ತಿನಲ್ಲಿ ಪರೀಕ್ಷಿಸುತ್ತಿದ್ದನೆಂದು ಒಂದು ಪ್ರತೀತಿಯಿದೆ. ನಿಜವೋ ಸುಳ್ಳೋ, ನಮ್ಮವರ ನಡತೆಯನ್ನು ನೋಡಿದರೆ ನಂಬಬೇಕೆನಿಸುತ್ತದೆ. ಯಂತ್ರವು ಓಡುವಾಗ ಊರೆಲ್ಲ ನೋಡಲಿ, ಕೆಟ್ಟಾಗ ಮಾತ್ರ ಯಾರೂ ನೋಡಬಾರದು!

ಇನ್ನು ಇದರ ಆರೈಕೆಯಾದರೂ ಎಷ್ಟರದು? ಅಲಗನ್ನು ಮಸೆಯಬೇಕು, ಮಸೆಯುವಾಗ ಎರಡೂ ಕಡೆ ಸಮತೂಕ ಉಳಿಯುವಂತೆ ನೋಡಬೇಕು. ಮೊಂಡು ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿ ಎರಡು ದಿನಗಳಲ್ಲಿ ಕಂದಿ ಅಂಗಳವೆಲ್ಲ ಸುಟ್ಟಂತೆ ಕಾಣುತ್ತದೆ. ಗಾಳಿಯ ಜಾಲರಿಯನ್ನು ಕೊಡಹಿ ಸ್ವಚ್ಛ ಮಾಡಬೇಕು; ನಮ್ಮ ಎರೆಯ ಧೂಳಿನಲ್ಲಿ ಇದನ್ನು ಅಡಿಗಡಿಗೆ ಮಾಡಬೇಕಾಗುವುದು. ನಾಲ್ಕು ಹೊಡೆತದ ಇಂಜಿನಿಗೆ ಸಾಮಾನ್ಯವಾಗಿ ಐವತ್ತು ತಾಸಿನ ಕೆಲಸಕ್ಕೊಮ್ಮೆ ಎಣ್ಣೆ ಬದಲಿಸತಕ್ಕದ್ದು. ಹೆಗಲ ಯಂತ್ರಗಳಲ್ಲಿ ಹಲವು ಎರಡು ಹೊಡೆತದವು. ಅವಕ್ಕೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ತಯಾರಕನು ಐವತ್ತಕ್ಕೆ ಒಂದು ಎಂದು ಹೇಳಿದ್ದರೆ ಲೀಟರಿಗೆ 20 ಮಿಲಿಲೀಟರು. ಇದನ್ನು ಅರಿಯದೆ ಬರಿಯ ಪೆಟ್ರೋಲು ಸುರಿದು ಓಡಿಸಿದರೆ ಪಿಸ್ಟನ್ನು ಸಿಲಿಂಡರಿನೊಳಗೆ ಹಿಡಿದುಕೊಂಡು ಸಾವಿರಾರು ರೂಪಾಯಿಗಳ ಯಂತ್ರವು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ.

ಇನ್ನೂ ಒಂದು ಸಂಗತಿಯನ್ನು ಹಳೆಯ ಅನುಭವಸ್ಥರೂ ಹೊಸದಾಗಿ ಕಲಿಯಬೇಕಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಇಥೆನಾಲು ಬೆರೆಸುವ ಪದ್ಧತಿಯು ಬಂದಿದೆ. ಇಥೆನಾಲು ಗಾಳಿಯೊಳಗಿನ ನೀರಿನಂಶವನ್ನು ಹೀರಿಕೊಳ್ಳುತ್ತದೆ. ದಿನಾಲು ಓಡುವ ಮೋಟಾರಿಗೆ ಇದರಿಂದ ಅಷ್ಟು ಬಾಧೆಯಿಲ್ಲದಿರಬಹುದು. ಆದರೆ ದೀಪಾವಳಿಗೆ ನಿಂತು ಮುಂದಿನ ಮುಂಗಾರಿಗೆ ಏಳುವ ಸಣ್ಣ ಯಂತ್ರದ ಟಾಕಿಯಲ್ಲಿ ಆ ಪೆಟ್ರೋಲು ಎಂಟು ತಿಂಗಳು ಕುಳಿತರೆ ಕಾರ್ಬುರೇಟರಿನ ಸಣ್ಣ ರಂಧ್ರಗಳು ಅಂಟುಗಟ್ಟಿ, ಒಳಗಿನ ಲೋಹವು ಕೆಡುತ್ತದೆ. ಮೂಲೆಗಿಡುವ ಮುಂಚೆ ಟಾಕಿಯನ್ನು ಬರಿದು ಮಾಡಿದರೆ ಸಾಕು. ಇಷ್ಟು ಸಣ್ಣ ಮಾತನ್ನು ಹೇಳಬಂದವನಿಗೆ ನಾವು ಬೇಡವೆನ್ನುತ್ತೇವೆ!

ಬೇಡವೆನ್ನುವವರನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಬೈಯುವುದು ಸುಲಭವು, ಆದರೆ ನ್ಯಾಯವಲ್ಲ. ನಮ್ಮ ಜನರು ಸಹಾಯಕ್ಕೆ ಅಂಜುವುದಿಲ್ಲ, ಹಂಗಿಗೆ ಅಂಜುತ್ತಾರೆ. ಹಂಗು ಎಂಬ ಮಾತಿನ ಭಾರವನ್ನು ಕನ್ನಡಿಗನಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಇಂದು ಪುಕ್ಕಟೆಯಾಗಿ ಪ್ಲಗ್ಗು ಒರೆಸಿಕೊಟ್ಟವನು ನಾಳೆ ಜಾಮೀನು ಕೇಳಬಂದರೆ ಇಲ್ಲವೆನ್ನುವುದು ಹೇಗೆ? ಇಷ್ಟೇ ಅಲ್ಲ, ಸಹಾಯ ಮಾಡಿದವರಲ್ಲಿ ಕೆಲವರು ಅದನ್ನು ಪೇಟೆಯ ತುಂಬ ಸಾರಿಕೊಂಡು ಬರುತ್ತಾರೆ. “ಇಷ್ಟು ವರುಷ ಸರ್ವಿಸು ಮಾಡಿದ ರಾಯರಿಗೆ ಎಣ್ಣೆ ಎಲ್ಲಿ ಹಾಕಬೇಕೆಂಬುದೂ ತಿಳಿಯದು” ಎಂದು ಚಹದ ಅಂಗಡಿಯಲ್ಲಿ ನಗುವವನ ಕೈಯಿಂದ ಯಾವ ಮಾನವಂತನು ಉಪಕಾರ ಪಡೆದಾನು? ನಿವೃತ್ತರಾದ ಸದ್ಗೃಹಸ್ಥರೊಬ್ಬರು ತಮ್ಮ ಮನೆಯ ಮುಂದಿನ ನಾಲ್ಕು ಮೊಳದ ಹುಲ್ಲಿನ ಮೇಲೆ ತಮ್ಮ ಯಂತ್ರವನ್ನು ತಾವೇ ಬಿಚ್ಚಿ, ತಾವೇ ಕೆಡಿಸಿ, ತಾವೇ ಸರಿಮಾಡುತ್ತ ಒಂದು ಮುಂಜಾನೆಯನ್ನು ಕಳೆಯುತ್ತಿದ್ದರೆ ಅವರನ್ನು ಅವರ ಪಾಡಿಗೆ ಬಿಡುವುದೇ ಯೋಗ್ಯವು. ಅದು ಅವರ ಯಂತ್ರ, ಅವರ ಹುಲ್ಲು, ಅವರ ಸಂತೋಷ. ಕೇಳದೆ ಬಂದು ಕೈಯಿಂದ ಸ್ಪ್ಯಾನರು ಕಸಿದುಕೊಳ್ಳುವ ಉಪಕಾರಬುದ್ಧಿಯು ಒಂದು ಬಗೆಯ ಉಪದ್ರವವೇ ಸರಿ.

ನಮ್ಮ ಹಿರಿಯರು ಈ ಹಂಗಿನ ತೊಡಕನ್ನು ಬಲ್ಲವರಾಗಿದ್ದರು. ಊರ ಬಡಿಗನೂ ಕಮ್ಮಾರನೂ ವರುಷವೆಲ್ಲ ನೇಗಿಲು, ಕುಂಟೆ, ಕೂರಿಗೆಗಳನ್ನು ತಿದ್ದಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣದ ಮೇಲೆ ಅವರ ಆಯವು ಅವರಿಗೆ ಸಲ್ಲುತ್ತಿದ್ದಿತು. ಇಂದಿನ ಕಚೇರಿಗಳಲ್ಲಿ ವಾರ್ಷಿಕ ನಿರ್ವಹಣೆಯ ಕರಾರು ಎಂದು ಮುದ್ರೆಯೊತ್ತಿ ಬರೆದುಕೊಳ್ಳುವುದು ಈ ಆಯದ ಹೊಸ ಹೆಸರಲ್ಲದೆ ಮತ್ತೇನು? ಆಯದಲ್ಲಿ ಅನ್ಯಾಯವೂ ಇದ್ದಿತು. ಕಸುಬನ್ನು ಜಾತಿಗೆ ಕಟ್ಟಿಹಾಕಿ ಕೆಲಸಗಾರನ ಪಾಲನ್ನು ರೈತನ ಇಚ್ಛೆಗೆ ಬಿಟ್ಟ ಆ ವ್ಯವಸ್ಥೆಯು ಮರಳಿ ಬರಲೆಂದು ನಾವು ಹೇಳುವುದಿಲ್ಲ. ಆದರೆ ಕುಳ ಮೊಂಡಾಯಿತೆಂದು ಕಮ್ಮಾರನ ಬಾಗಿಲಿಗೆ ಹೋಗಲು ಅಂದಿನ ರೈತನು ನಾಚಿದುದಿಲ್ಲ, ಕಾರಣವೇನೆಂದರೆ ಅದು ಭಿಕ್ಷೆಯಾಗಿರಲಿಲ್ಲ. ಮುಯ್ಯಾಳಿನ ಮಾತೂ ಹಾಗೆಯೇ. ಇಂದು ನಿನ್ನ ಹೊಲದ ಕಳೆಗೆ ನಮ್ಮ ಮನೆಯ ಆಳು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯ ಆಳು. ಇದರಲ್ಲಿ ಕೊಟ್ಟವನು ಮೇಲಲ್ಲ, ಕೊಂಡವನು ಕೆಳಗಲ್ಲ. ಗದಗು ಮುದ್ರಣ ಕಾಶಿಯೆಂದು ಹೆಸರಾದುದು ಬರಿಯ ಯಂತ್ರಗಳ ಸಂಖ್ಯೆಯಿಂದಲ್ಲವೆಂದು ನಾವು ನಂಬುತ್ತೇವೆ. ಟ್ರೆಡಲ್ ಯಂತ್ರಗಳ ಕಾಲದಲ್ಲಿ ಒಂದು ಮುದ್ರಣಾಲಯದವರು ಇನ್ನೊಂದಕ್ಕೆ ಮೊಳೆಯನ್ನೂ ಮೆಕ್ಯಾನಿಕನನ್ನೂ ಎರವಲು ಕೊಡುವುದು ವೃತ್ತಿಯ ಸಹಜ ನಡತೆಯಾಗಿದ್ದಿತು.

ಯಂತ್ರದ ವಿಷಯದಲ್ಲಿ ನಮ್ಮ ಸೀಮೆಯವರ ಬೇಡಗಳಿಗೆ ಒಂದು ಇತಿಹಾಸವೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣವು ಮಣ್ಣಿಗೆ ವಿಷವೆಂದು ರೈತರು ಅದನ್ನು ಮುಟ್ಟಲೊಲ್ಲದೆ ಹೋದರು. ಮೊದಲ ಕೆಲವೇ ನೇಗಿಲುಗಳನ್ನು ಮಾರುವುದಕ್ಕೆ ಅವರಿಗೆ ಎರಡು ವರುಷ ಹಿಡಿಯಿತು. ಅಂದು ಯಂತ್ರವೇ ಬೇಡವಾಗಿದ್ದಿತು. ಇಂದು ಯಂತ್ರವು ಬೇಕು, ಅದನ್ನು ಬದುಕಿಸುವ ಕೈ ಮಾತ್ರ ಬೇಡ! ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅಮೇರಿಕದ ಹತ್ತಿಯೊಡನೆ ಗರಗಸದ ಜಿನ್ನುಗಳು ಧಾರವಾಡದ ಸೀಮೆಗೆ ಬಂದವು. ಹಲ್ಲು ಕೆಟ್ಟ ಜಿನ್ನು ಹತ್ತಿಯ ಎಳೆಯನ್ನೇ ಕಡಿದುಹಾಕುತ್ತದೆ. ಆದಕಾರಣ ಜಿನ್ನುಗಳನ್ನು ಮಾಡುವುದಕ್ಕೂ ದುರಸ್ತಿ ಮಾಡುವುದಕ್ಕೂ ಧಾರವಾಡದಲ್ಲಿ ಸರಕಾರಿ ಕಾರಖಾನೆಯೊಂದು ನಡೆಯುತ್ತಿದ್ದಿತು. ಪರಕೀಯ ಸರಕಾರದ ಲಕ್ಷ್ಯವೆಲ್ಲ ತನ್ನ ಗಿರಣಿಗಳ ಹತ್ತಿಯ ಮೇಲೆ ಇದ್ದಿತೆಂಬುದು ನಿರ್ವಿವಾದವು. ಆದರೂ ಯಂತ್ರದ ಬೆನ್ನಿಗೆ ದುರಸ್ತಿಯು ಬರಬೇಕೆಂಬಷ್ಟು ವಿವೇಕವು ಅದಕ್ಕೆ ಇದ್ದಿತು. ನಮ್ಮವರೇ ನಡೆಸುವ ಇಂದಿನ ಕಚೇರಿಗಳಲ್ಲಿ ಹೊಸ ಯಂತ್ರದ ಖರೀದಿಗೆ ಅನುದಾನ ಹುಡುಕುವ ಉತ್ಸಾಹವು ಹಳೆಯದರ ದುರಸ್ತಿಗೆ ಕಾಣಬರುವುದಿಲ್ಲವೆಂದು ಹೇಳಬೇಕಾಗಿ ಬಂದುದಕ್ಕೆ ವಿಷಾದವೆನಿಸುತ್ತದೆ.

ಇಲ್ಲಿಗೆ ನಾವು ಮುಖ್ಯ ಮಾತಿಗೆ ಬಂದೆವು. ಮನೆಯ ಯಜಮಾನನು ಬೇಡವೆಂದರೆ ಹಾನಿಯು ಅವನದು. ಆದರೆ ಕಚೇರಿಯ ಅಧಿಕಾರಿಗೂ ಶಾಲೆಯ ಮುಖ್ಯಸ್ಥರಿಗೂ ಸಂಸ್ಥೆಯ ಕಾರ್ಯದರ್ಶಿಗೂ ಹಾಗೆ ಬೇಡವೆನ್ನುವ ಹಕ್ಕು ಎಲ್ಲಿಂದ ಬಂದಿತು? ಯಂತ್ರವು ಅವರದಲ್ಲ, ಸಾರ್ವಜನಿಕರದು. ಅದನ್ನು ನೂಕುವವರೂ ಅವರಲ್ಲ, ದಿನಗೂಲಿಯ ಮಾಲಿ. ಯಂತ್ರದ ಅಡಿಯ ಅಲಗು ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ಮೊಂಡು ಅಲಗಿಗೆ ಹಸಿಹುಲ್ಲು ಸುತ್ತಿಕೊಂಡು ಯಂತ್ರವು ನಿಂತಾಗ ಮಾಲಿಯು ಕೈಹಾಕಿ ಅದನ್ನು ಕೀಳುತ್ತಾನೆ. ಕೈಹಾಕುವ ಮುಂಚೆ ಪ್ಲಗ್ಗಿನ ತಂತಿಯನ್ನು ಕಿತ್ತಿಡಬೇಕೆಂದು ಅವನಿಗೆ ಯಾರು ಹೇಳಿದ್ದಾರೆ? ಹೇಳಬಂದವನನ್ನು ಸಾಹೇಬರು ಬಾಗಿಲಿನಿಂದಲೇ ಕಳಿಸಿದ್ದಾರೆ. ಅಲಗನ್ನು ಕೈಯಿಂದ ಹೊರಳಿಸಿದರೂ ಇಂಜಿನು ಒಮ್ಮೆಲೆ ಹೊತ್ತಿಕೊಳ್ಳಬಹುದೆಂಬ ಒಂದು ವಾಕ್ಯದ ತಿಳಿವಳಿಕೆಯ ಬೆಲೆ ಎಷ್ಟೆಂಬುದನ್ನು ಬೆರಳು ಕಳೆದುಕೊಂಡವನು ಬಲ್ಲನು. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಬೇಕೆಂಬ ಕಾಯಿದೆಯು ಈ ದೇಶದಲ್ಲಿ 1923ರಲ್ಲಿಯೇ ಆಯಿತು. ಆದರೆ ಬೆರಳಿಗೆ ಪರಿಹಾರವೆಂಬುದು ಬರಿಯ ಕಾಗದದ ಮಾತು. ಬೆರಳು ಮರಳಿ ಬರುವುದಿಲ್ಲ.

ಅಧಿಕಾರಿಗಳು ಬೇಡವೆನ್ನುವುದಕ್ಕೆ ಬಹುತರವಾಗಿ ಅಹಂಕಾರವೇ ಕಾರಣವೆಂದು ನಾವು ತಿಳಿಯುವುದಿಲ್ಲ. ಆಡಿಟಿನ ಅಂಜಿಕೆಯೇ ಹೆಚ್ಚಿನದು. ಹೊರಗಿನವನು ಮುಟ್ಟಿದನೆಂದರೆ ಯಾರ ಅಪ್ಪಣೆಯಿಂದ ಮುಟ್ಟಿದನು? ಪುಕ್ಕಟೆ ಮಾಡಿದನೆಂದರೆ ಏಕೆ ಪುಕ್ಕಟೆ ಮಾಡಿದನು? ಹಣ ಕೊಟ್ಟರೆ ಕೊಟೇಶನ್ನು ಎಲ್ಲಿ? ಈ ಮೂರು ಪ್ರಶ್ನೆಗಳ ನಡುವೆ ಯಂತ್ರವು ತುಕ್ಕು ಹಿಡಿಯುತ್ತದೆ. ಇಂಥ ಸಾಮಾನುಗಳನ್ನು ಬರೆದಿಡುವ ಪುಸ್ತಕಕ್ಕೆ ಡೆಡ್ ಸ್ಟಾಕ್ ರಜಿಸ್ಟರೆಂದು ಹೆಸರಿಟ್ಟವನು ದೊಡ್ಡ ವಿನೋದಗಾರನೋ ದೊಡ್ಡ ಜ್ಯೋತಿಷಿಯೋ ಆಗಿರಬೇಕು; ಹೊಸ ಯಂತ್ರವು ಬಂದ ದಿನವೇ ಅದರ ಗತಿಯನ್ನು ಬರೆದು ಮುಗಿಸಿದ್ದಾನೆ.

ಹಾಗಾದರೆ ಮಾಡತಕ್ಕದ್ದೇನು? ಗದಗು ತಾಲೂಕಿನ ಕಣಗಿನಹಾಳದವರು ಇದಕ್ಕೆ ನೂರು ವರುಷಗಳ ಹಿಂದೆಯೇ ದಾರಿ ತೋರಿಸಿದ್ದಾರೆ. 1904ರ ಕಾಯಿದೆ ಬಂದ ಮರುವರುಷ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘವನ್ನು ಕಟ್ಟಿದರು. ಸಾಹುಕಾರನ ಹಂಗು ಬೇಡವೆಂದ ರೈತನು ಸಂಘದ ಸಾಲವನ್ನು ತಲೆಯೆತ್ತಿ ಪಡೆದನು, ಏಕೆಂದರೆ ಅದರಲ್ಲಿ ಅವನ ಪಾಲೂ ಇದ್ದಿತು. ಯಂತ್ರದ ಆರೈಕೆಯನ್ನೂ ಇದೇ ನೆಲೆಯ ಮೇಲೆ ತರಬಹುದು. ವರುಷಕ್ಕೆ ಇಂತಿಷ್ಟು ವರ್ಗಣಿಯನ್ನು ಕೊಟ್ಟ ಮನೆ, ಶಾಲೆ, ಕಚೇರಿಗಳ ಯಂತ್ರಗಳನ್ನು ಕೈಬಲ್ಲ ಮೆಕ್ಯಾನಿಕನೊಬ್ಬನು ಮಳೆಗಾಲದ ಮುಂಚೆ ಒಮ್ಮೆ, ದೀಪಾವಳಿಯ ತರುವಾಯ ಒಮ್ಮೆ ಬಿಚ್ಚಿ ನೋಡಲಿ. ಇದರಲ್ಲಿ ಬೇಡುವವನೂ ಇಲ್ಲ, ನೀಡುವವನೂ ಇಲ್ಲ. ಕಚೇರಿಯವರಿಗೆ ರಸೀದಿಯು ದೊರೆಯುವುದರಿಂದ ಆಡಿಟಿನವರ ಬಾಯಿಯೂ ಮುಚ್ಚುವುದು. 2014-15ರಲ್ಲಿ ರಾಜ್ಯ ಸರಕಾರವು ಆರಂಭಿಸಿದ ಕೃಷಿ ಯಂತ್ರಧಾರೆಯ ಯೋಜನೆಯು ಬಾಡಿಗೆಯ ಯಂತ್ರವನ್ನು ನಾಚಿಕೆಯಿಲ್ಲದೆ ಪಡೆಯುವುದನ್ನು ರೈತರಿಗೆ ಕಲಿಸಿದೆ. ಬಾಡಿಗೆಗೆ ಯಂತ್ರವು ಬರಬಹುದಾದರೆ ಬಾಡಿಗೆಗೆ ಆರೈಕೆಯೇಕೆ ಬರಬಾರದು? ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರೂ ಕೈಗಾರಿಕಾ ತರಬೇತಿ ಸಂಸ್ಥೆಗಳ ಶಿಕ್ಷಕರೂ ಮನಸ್ಸು ಮಾಡಿದರೆ ಮಾಲಿಗಳಿಗೂ ಬದುವು ಸವರುವ ಆಳುಗಳಿಗೂ ಒಂದು ದಿನದ ಪಾಠವನ್ನು ಏರ್ಪಡಿಸುವುದು ಕಷ್ಟವಲ್ಲ. ಆ ದಿನದ ಕೂಲಿಯನ್ನು ಕೊಟ್ಟೇ ಅವರನ್ನು ಕಳಿಸತಕ್ಕದ್ದು. ಕೂಲಿ ಕಡಿದುಕೊಂಡು ಕಲಿಯಲು ಹೋಗೆಂದರೆ ಅವರು ಬೇಡವೆನ್ನುವುದು ನ್ಯಾಯವೇ ಆದೀತು.

ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ರೋಹಿಣಿ ಮಳೆಗೆ ಮುಂಚೆ ತಮ್ಮ ತಮ್ಮ ಆವಾರದಲ್ಲಿರುವ ಹುಲ್ಲಿನ ಯಂತ್ರಗಳೆಷ್ಟು, ನಡೆಯುತ್ತಿರುವವೆಷ್ಟು, ಅವುಗಳನ್ನು ನಡೆಸುವವರಾರು, ಅಲಗನ್ನು ಕೊನೆಗೆ ಮಸೆದುದು ಯಾವಾಗ ಎಂಬ ನಾಲ್ಕು ಸಂಗತಿಗಳನ್ನು ಬರೆದು ಕಚೇರಿಯ ಬಾಗಿಲಿಗೆ ಹಚ್ಚಲಿ. ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಅಂಥ ಪಟ್ಟಿಯನ್ನು ನಮ್ಮ ಕಡೆಗೂ ಕಳಿಸಿದರೆ ಸಂತೋಷದಿಂದ ಅಚ್ಚು ಹಾಕುವೆವು. ಅದರ ಸ್ಥಳಕ್ಕೆ ಆಕಾರಣೆಯಿಲ್ಲ. ಇದನ್ನಾದರೂ ಅವರು ಬೇಡವೆನ್ನಲಿಕ್ಕಿಲ್ಲವೆಂದು ನಂಬಿದ್ದೇವೆ.